42ನೇ ದಿನ ದಾಟಿದ ಮೇಲೆ ನಮ್ಮ ಮಕ್ಕಳ ಲೆಕ್ಕ ಯಾರ ಬಳಿ ಇದೆ?

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ
ಹಾಗೂ
ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ವೈದ್ಯಕೀಯ ಕಾಲೇಜುಗಳ ಮಕ್ಕಳ ವಿಭಾಗದ ಮುಖ್ಯಸ್ಥರು

ವಿಷಯ: ನಮ್ಮ ಮೂರು ಜಿಲ್ಲೆಗಳಲ್ಲಿ ಮಕ್ಕಳ ಮೂರ್ಛೆ ರೋಗದ ಎಣಿಕೆ ಮತ್ತು ಸಂಶೋಧನೆ ಕುರಿತು

ಮಾನ್ಯರೇ,

ನಾನು ಗೋಕಾಕ ತಾಲ್ಲೂಕಿನಲ್ಲಿ ಒಂದು ಮೆಡಿಕಲ್ ಅಂಗಡಿ ನಡೆಸುವವನು. ಡಾಕ್ಟರ್ ಅಲ್ಲ, ಸಂಶೋಧಕನೂ ಅಲ್ಲ. ಆದರೆ ಚೀಟಿ ಓದುವುದು ನನ್ನ ಕೆಲಸ. ಯಾವ ಮನೆಯ ಮಗುವಿಗೆ ಯಾವ ಔಷಧ ನಡೆದಿದೆ, ಯಾವಾಗ ನಿಂತಿತು, ಯಾಕೆ ನಿಂತಿತು ಅನ್ನುವುದು ಅಂಗಡಿಯ ಗಲ್ಲೆಯ ಮೇಲೆ ಕೂತವನಿಗೆ ಬೇಗ ತಿಳಿಯುತ್ತದೆ. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ಚಳಿಗಾಲದ ಅಧಿವೇಶನಕ್ಕೆ ಸರ್ಕಾರ ಬೆಳಗಾವಿಗೆ ಬರುತ್ತದೆ. ಆಗ ಕಬ್ಬಿನ ದರ, ನೀರಾವರಿ, ಗಡಿ, ಗೋಕಾಕ ಜಿಲ್ಲೆ ಆಗಬೇಕಾ ಚಿಕ್ಕೋಡಿ ಆಗಬೇಕಾ ಅನ್ನುವ ಹಳೇ ವಾದ, ಎಲ್ಲದಕ್ಕೂ ಸಮಯ ಸಿಗುತ್ತದೆ. ಸಿಗಲಿ, ಬೇಡ ಅನ್ನುವುದಿಲ್ಲ. ಅದರ ನಡುವೆ ಫಿಟ್ಸ್ ಬರುವ ಮಕ್ಕಳಿಗೂ ಒಂದರ್ಧ ಗಂಟೆ ಕೊಡಿ. ಕನಿಕರದ ಮಾತು ಸಾಕಷ್ಟು ಕೇಳಿದ್ದೇವೆ. ಈ ಸಲ ಲೆಕ್ಕದ ಮಾತು ಆಗಲಿ.

ನನ್ನ ಅಂಗಡಿಯಲ್ಲಿ ಎಚ್1 ರಿಜಿಸ್ಟರ್ ಅಂತ ಒಂದು ಪುಸ್ತಕ ಇದೆ. 2014ರಿಂದ ಜಾರಿಯಲ್ಲಿರುವ ನಿಯಮ. ಮಿಡಜೋಲಮ್, ಡಯಜೆಪಾಮ್ ತರದ ಔಷಧ ಕೊಟ್ಟರೆ ಬರೆದ ಡಾಕ್ಟರ್ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ ಅನ್ನುವುದನ್ನು ಅದರಲ್ಲಿ ಬರೆಯಬೇಕು. ಮೂರು ವರ್ಷ ಕಾದಿಡಬೇಕು. ನಿಯಮ ಸರಿಯಾಗಿಯೇ ಇದೆ. ಆದರೆ ಯೋಚಿಸಿ ನೋಡಿ. ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಒಂದು ಮಿಡಜೋಲಮ್ ಸ್ಪ್ರೇ ಯಾರ ಮನೆಗೆ ಹೋಯಿತು ಅಂತ ಸರ್ಕಾರ ಕೇಳಿದರೆ ನಾನು ಎರಡು ನಿಮಿಷದಲ್ಲಿ ತೋರಿಸುತ್ತೇನೆ. ಆ ಸ್ಪ್ರೇ ಯಾರಿಗೆ ಬೇಕಾಯಿತೋ ಆ ಮಗುವಿಗೆ ಎಷ್ಟನೇ ತಿಂಗಳಲ್ಲಿ ಫಿಟ್ಸ್ ಶುರುವಾಯಿತು, ಯಾಕೆ ಶುರುವಾಯಿತು, ಔಷಧ ಹಿಡಿಯಿತಾ, ಈಗ ಶಾಲೆಗೆ ಹೋಗುತ್ತಿದೆಯಾ ಅಂತ ನಾವು ಕೇಳಿದರೆ ತೋರಿಸಲು ನಿಮ್ಮ ಬಳಿ ಯಾವ ಪುಸ್ತಕ ಇದೆ?

ಅಂಗಡಿಯಲ್ಲಿ ನಾನು ಕಾಣುವುದನ್ನು ಹೇಳುತ್ತೇನೆ.

ತಾಯಂದಿರು ಮೊಬೈಲ್ ಹಿಡಿದುಕೊಂಡು ಬರುತ್ತಾರೆ. "ಅಣ್ಣಾರ, ಕೂಸು ನಿದ್ದಿಯಿಂದ ಎದ್ದ ಕೂಡಲೇ ಹಿಂಗ ಮಾಡ್ತೈತ್ರಿ. ಹೊಟ್ಟಿ ನೋವು ಅಂದ್ರು, ಗ್ರೈಪ್ ವಾಟರ್ ಕೊಟ್ವಿ. ಕಮ್ಮಿ ಆಗವಲ್ದು. ನೋಡ್ರಿ." ವಿಡಿಯೋದಲ್ಲಿ ಐದು ತಿಂಗಳ ಮಗು. ತಲೆ ತಟ್ಟನೆ ಮುಂದಕ್ಕೆ ಬಾಗುತ್ತದೆ, ಎರಡೂ ಕೈ ಅಗಲವಾಗುತ್ತವೆ. ಒಂದೆರಡು ಸೆಕೆಂಡು ಅಷ್ಟೇ. ಮಗು ಸಡಿಲಾಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಹೀಗೆ ಸಾಲಾಗಿ ಬರುತ್ತಲೇ ಇರುತ್ತದೆ. ಬಾಯಲ್ಲಿ ನೊರೆ ಇಲ್ಲ, ಕೈಕಾಲು ಬಡಿಯುವುದಿಲ್ಲ. ಹಾಗಾಗಿ ಯಾರೂ ಇದನ್ನು ಫಿಟ್ಸ್ ಅಂತ ಎಣಿಸುವುದೇ ಇಲ್ಲ. ಮಗು ಬೆಚ್ಚಿ ಬೀಳುತ್ತದೆ ಅನ್ನುತ್ತಾರೆ. ಬಾಲಗ್ರಹ ಅನ್ನುತ್ತಾರೆ. ತಾಯತ ಕಟ್ಟಿಸುತ್ತಾರೆ. ನಾನು ಯಾರನ್ನೂ ಹೀಯಾಳಿಸುತ್ತಿಲ್ಲ. ಓದಿದವರೇ "ಬೆಳೆಯುತ್ತಾ ಸರಿಹೋಗುತ್ತದೆ" ಅಂತ ಕಳಿಸಿದ ಚೀಟಿಗಳನ್ನೂ ನೋಡಿದ್ದೇನೆ. ಅಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ನಗುತ್ತಿದ್ದ ಮಗು ನಗುವುದು ಬಿಟ್ಟಿರುತ್ತದೆ. ಕತ್ತು ನಿಂತಿದ್ದ ಮಗುವಿನ ಕತ್ತು ಮತ್ತೆ ವಾಲುತ್ತಿರುತ್ತದೆ.

ಇದಕ್ಕೆ ವೆಸ್ಟ್ ಸಿಂಡ್ರೋಮ್ ಅನ್ನುತ್ತಾರೆ. ವಿಲಿಯಂ ಜೇಮ್ಸ್ ವೆಸ್ಟ್ ಅನ್ನುವ ಇಂಗ್ಲೆಂಡಿನ ವೈದ್ಯರಿಗೆ ತಮ್ಮ ಸ್ವಂತ ಮಗನಲ್ಲೇ ಇದು ಕಂಡಿತು. ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ ಶುರುವಾಯಿತು. ಜಿಗಣೆ ಹಚ್ಚಿಸಿದರು, ಅಫೀಮು ಕೊಟ್ಟರು, ಲಂಡನ್ನಿನ ದೊಡ್ಡ ವೈದ್ಯರಿಗೂ ತೋರಿಸಿದರು. ಯಾವುದೂ ನಡೆಯಲಿಲ್ಲ. ಕೊನೆಗೆ 1841ರಲ್ಲಿ ಅವರು 'ಲ್ಯಾನ್ಸೆಟ್' ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದು, ಕಂಡದ್ದನ್ನೆಲ್ಲ ವಿವರಿಸಿ, ಇದರ ಕಡೆ ವೈದ್ಯರೆಲ್ಲ ಗಮನ ಕೊಡಬೇಕು ಅಂತ ಬೇಡಿಕೊಂಡರು. ಈ ರೋಗದ ಸಂಶೋಧನೆ ಶುರುವಾದದ್ದೇ ಒಬ್ಬ ತಂದೆಯ ಬಹಿರಂಗ ಪತ್ರದಿಂದ. ಹಾಗಾಗಿ ಪತ್ರ ಬರೆದರೆ ಏನಾಗುತ್ತದೆ ಅಂತ ಯಾರಾದರೂ ನನ್ನನ್ನು ಕೇಳಿದರೆ ನನಗೆ ಬೇಜಾರಿಲ್ಲ.

ವೆಸ್ಟ್ ಅವರ ಕಾಲಕ್ಕೂ ನಮ್ಮ ಕಾಲಕ್ಕೂ ದೊಡ್ಡ ವ್ಯತ್ಯಾಸ ಇದೆ. ಹ್ಯಾನ್ಸ್ ಬರ್ಗರ್ 1924ರಲ್ಲಿ ಮೊದಲ ಸಲ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ಕಾಗದದ ಮೇಲೆ ಇಳಿಸಿದರು. ಅದೇ ಇವತ್ತಿನ ಇಇಜಿ. ಈ ಮಕ್ಕಳ ಇಇಜಿ ಗೆರೆಗಳು ಬೇರೆ ಯಾವ ಫಿಟ್ಸ್‌ನಲ್ಲೂ ಇಲ್ಲದಷ್ಟು ಅಡ್ಡಾದಿಡ್ಡಿ ಇರುತ್ತವೆ ಅನ್ನುವುದು 1950ರ ದಶಕದಲ್ಲೇ ಗೊತ್ತಾಯಿತು. ಎಸಿಟಿಎಚ್ ಎಂಬ ಹಾರ್ಮೋನ್ ಇಂಜೆಕ್ಷನ್ ಕೆಲಸ ಮಾಡುತ್ತದೆ ಅನ್ನುವುದೂ ಅದೇ ದಶಕದಲ್ಲಿ ತಿಳಿಯಿತು. ಎಸಿಟಿಎಚ್ ದುಬಾರಿ. ಆದರೆ ದೊಡ್ಡ ಪ್ರಮಾಣದಲ್ಲಿ, ಆಸ್ಪತ್ರೆಯವರ ನಿಗಾದಲ್ಲಿ ಕೊಡುವ ಪ್ರೆಡ್ನಿಸೋಲೋನ್ ಗುಳಿಗೆಯನ್ನೂ ವೈದ್ಯರು ಇದಕ್ಕೆ ಬಳಸುತ್ತಾರೆ. ನಾನು ದಮ್ಮಿನವರಿಗೆ ದಿನಾ ಕೊಡುವ ಗುಳಿಗೆ ಅದು. ನಾಲ್ಕಾರು ರೂಪಾಯಿಯ ಮಾಲು. ಹಾಗಂತ ಯಾರೂ ಇದನ್ನು ಓದಿ ಸುಮ್ನೆ ತಂದು ಮಗುವಿಗೆ ಕೊಡಬಾರದು. ಬಿಪಿ, ಸಕ್ಕರೆ, ಸೋಂಕು ಎಲ್ಲ ನೋಡುತ್ತಾ ಕೊಡಬೇಕಾದ ಔಷಧ. ನಾನು ಹೇಳುವುದಿಷ್ಟೇ: ಔಷಧ ನಮ್ಮೂರಿನ ಕಪಾಟಿನಲ್ಲೇ ಇದೆ. ಚಿಕಿತ್ಸೆ ಎಷ್ಟು ತಡವಾಗುತ್ತದೋ ಮಗುವಿನ ಬುದ್ಧಿ ಬೆಳವಣಿಗೆಗೆ ಅಷ್ಟು ಪೆಟ್ಟು ಅಂತ ಬ್ರಿಟನ್ನಿನ ದೊಡ್ಡ ಅಧ್ಯಯನವೇ ಹೇಳಿದೆ. ನಮ್ಮ ಮಕ್ಕಳು ಕಳೆದುಕೊಳ್ಳುತ್ತಿರುವುದು ಆ ವಾರಗಳನ್ನು.

ಇನ್ನು ನನ್ನ ಮುಖ್ಯ ದೂರು.

ಬೆಳಗಾವಿಗೆ ಎಣಿಸುವುದು ಗೊತ್ತಿಲ್ಲ ಅಂತ ಯಾರೂ ಹೇಳಲಾಗದು. ಇಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧನಾ ಘಟಕ ತಾಯಿ-ಮಗುವಿನ ಆರೋಗ್ಯದ ಗ್ಲೋಬಲ್ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಕೂಟದಲ್ಲಿದೆ. ಹಳ್ಳಿಹಳ್ಳಿಯ ಬಸುರಿಯರನ್ನು ನೋಂದಾಯಿಸಿ, ಹೆರಿಗೆ ಆದ ಮೇಲೆ 42 ದಿನದವರೆಗೆ ತಾಯಿ ಮತ್ತು ಕೂಸಿನ ಬೆನ್ನು ಹತ್ತಿ ಮಾಹಿತಿ ಬರೆದುಕೊಳ್ಳುವ ಕೆಲಸ ಅದು. ಇಲ್ಲಿಂದ ಹೋದ ಮಾಹಿತಿಯನ್ನು ಜಗತ್ತಿನ ವೈದ್ಯರು ಓದುತ್ತಾರೆ. ನಮಗೆ ಹೆಮ್ಮೆಯ ವಿಷಯ, ಎರಡು ಮಾತಿಲ್ಲ. ಸರ್ಕಾರದ ಆಶಾ ಕಾರ್ಯಕರ್ತೆಯರು ನವಜಾತ ಶಿಶುವಿನ ಮನೆಗೆ ಹೋಗುವ ಯೋಜನೆಯೂ 42ನೇ ದಿನಕ್ಕೆ ಮುಗಿಯುತ್ತದೆ.

ವೆಸ್ಟ್ ಸಿಂಡ್ರೋಮ್ ಶುರುವಾಗುವುದು ಹೆಚ್ಚಾಗಿ ಮೂರರಿಂದ ಹನ್ನೆರಡನೇ ತಿಂಗಳ ನಡುವೆ. ಜಾಸ್ತಿ ಕಾಣುವುದು ನಾಲ್ಕರಿಂದ ಏಳನೇ ತಿಂಗಳಲ್ಲಿ. ಅಂದರೆ ಹುಟ್ಟಿನ ಹೊತ್ತಿಗೆ ಉಸಿರುಗಟ್ಟಿದ ಕೂಸು ಬದುಕಿ ಉಳಿಯಿತು ಅಂತ ಬರೆದು, ಪುಸ್ತಕ ಮುಚ್ಚಿದ ಮೇಲೆ ಈ ರೋಗ ಬಾಗಿಲು ತಟ್ಟುತ್ತದೆ. ಪುಸ್ತಕದಲ್ಲಿ ಆ ಮಗು ಗೆದ್ದ ಲೆಕ್ಕ. ಮನೆಯಲ್ಲಿ ಕಥೆ ಬೇರೆ.

2018ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಒಳ್ಳೇ ಕೆಲಸ ಮಾಡಿತು. 3, 6, 9, 12, 15ನೇ ತಿಂಗಳಲ್ಲೂ ಆಶಾ ಕಾರ್ಯಕರ್ತೆಯರು ಮನೆಗೆ ಹೋಗಬೇಕು ಅಂತ ಯೋಜನೆ ತಂದಿತು. ಈ ತಿಂಗಳುಗಳನ್ನು ನೋಡಿ. ಈ ರೋಗಕ್ಕಾಗಿಯೇ ಯಾರೋ ಕೂತು ಆರಿಸಿದ ಹಾಗಿದೆ. ತೂಕ, ಮೇಲೂಟ, ಕಬ್ಬಿಣಾಂಶದ ಸಿರಪ್, ಲಸಿಕೆ, ಕೈ ತೊಳೆಯುವುದು, ಬೆಳವಣಿಗೆ, ಎಲ್ಲ ಕೇಳುತ್ತಾರೆ. ಅದರ ಜೊತೆಗೆ ಒಂದೇ ಒಂದು ಪ್ರಶ್ನೆ ಸೇರಿಸಿ: "ಮಗು ನಿದ್ದೆಯಿಂದ ಎದ್ದಾಗ ಮೇಲಿಂದ ಮೇಲೆ ತಲೆ ಬಾಗಿಸಿ ಕೈ ಅಗಲಿಸಿ ಬೆಚ್ಚುತ್ತದೆಯಾ?" ಹೌದು ಅಂದರೆ ಆಶಾ ಅವರ ಫೋನಿನಲ್ಲೇ ಒಂದು ವಿಡಿಯೋ ತೆಗೆಸಿ. ಅದು ಅದೇ ದಿನ ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ಹೋಗಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ. ಬಹುಶಃ ಅದಕ್ಕೇ ಇದು ಯಾರ ಕಣ್ಣಿಗೂ ಬಿದ್ದಿಲ್ಲ ಅಂತ ನನಗೆ ಒಮ್ಮೊಮ್ಮೆ ಅನಿಸುತ್ತದೆ. ಆಶಾ ಅವರ ಮೇಲೆ ಈಗಾಗಲೇ ಹೊರೆ ಜಾಸ್ತಿ ಇದೆ, ಗೌರವಧನಕ್ಕಾಗಿ ಅವರು ಮೇಲಿಂದ ಮೇಲೆ ಬೀದಿಗೆ ಇಳಿಯಬೇಕಾಗಿದೆ ಅನ್ನುವುದೂ ನನಗೆ ಗೊತ್ತು. ಈ ಕೆಲಸಕ್ಕೆ ಅವರಿಗೆ ದುಡ್ಡು ಕೊಡಿ. ಪುಕ್ಕಟೆ ಮಾಡಿಸಬೇಡಿ.

ಸಂಶೋಧನೆ ಯಾಕೆ, ಇರುವ ಔಷಧ ಕೊಟ್ಟರೆ ಸಾಲದಾ ಅಂತ ನೀವು ಕೇಳಬಹುದು. ಸಾಲದು. ಫಿಟ್ಸ್ ಅನ್ನುವುದು ಒಂದೇ ರೋಗ ಅಲ್ಲ. ಡ್ರಾವೆ ಸಿಂಡ್ರೋಮ್ ಅಂತ ಒಂದಿದೆ. ಫ್ರಾನ್ಸಿನ ಶಾರ್ಲೆಟ್ ಡ್ರಾವೆ 1978ರಲ್ಲಿ ಅದನ್ನು ವಿವರಿಸಿದರು. ಮೊದಲ ವರ್ಷದಲ್ಲೇ ಜ್ವರದ ಜೊತೆ ಉದ್ದನೆಯ ಫಿಟ್ಸ್ ಬರುತ್ತದೆ. ನೋಡಿದವರು ಸಾಮಾನ್ಯ ಜ್ವರದ ಫಿಟ್ಸ್ ಅಂದುಕೊಳ್ಳುತ್ತಾರೆ. ಇದಕ್ಕೆ ಎಸ್‌ಸಿಎನ್1ಎ ಎಂಬ ಜೀನ್‌ನ ದೋಷ ಕಾರಣ ಅನ್ನುವುದು 2001ರಲ್ಲಿ ಗೊತ್ತಾಯಿತು. ಆಗ ಇನ್ನೊಂದು ವಿಷಯವೂ ಸ್ಪಷ್ಟವಾಯಿತು. ಕಾರ್ಬಮಜಪೈನ್, ಫಿನಿಟಾಯ್ನ್ ತರದ ಔಷಧಗಳು ಬೇರೆ ಎಷ್ಟೋ ರೋಗಿಗಳಿಗೆ ಒಳ್ಳೆಯವು. ಅದೇ ಔಷಧ ಡ್ರಾವೆ ಇರುವ ಮಗುವಿನ ಫಿಟ್ಸನ್ನು ಜಾಸ್ತಿ ಮಾಡಬಹುದು. ಔಷಧ ಮಾರುವವನಿಗೆ ಇದಕ್ಕಿಂತ ಹೆದರಿಕೆಯ ವಿಷಯ ಬೇರೆ ಇಲ್ಲ. ಬಾಟ್ಲಿ ಸರಿ ಇದೆ, ಡೋಸ್ ಸರಿ ಇದೆ, ರೋಗದ ಹೆಸರು ಮಾತ್ರ ತಪ್ಪು.

ಇನ್ನೊಂದು ಉದಾಹರಣೆ. ಬಯೋಟಿನಿಡೇಸ್ ಎಂಬ ಕಿಣ್ವದ ಕೊರತೆಯಿಂದ ಹುಟ್ಟುವ ಮಕ್ಕಳಿದ್ದಾರೆ. ಫಿಟ್ಸ್ ಬರುತ್ತದೆ, ಕೂದಲು ಉದುರುತ್ತದೆ, ಚರ್ಮದ ಮೇಲೆ ಕೆಂಪು ದದ್ದು ಏಳುತ್ತದೆ. ಬಿಟ್ಟರೆ ಕಿವಿ ಹೋಗಬಹುದು, ಕಣ್ಣೂ ಹೋಗಬಹುದು. ಚಿಕಿತ್ಸೆ ಏನು ಗೊತ್ತಾ? ದಿನಾ ಬಯೋಟಿನ್ ಗುಳಿಗೆ. ಪ್ಯಾಟೆಯ ಹುಡುಗರು ಕೂದಲು ದಟ್ಟ ಆಗಲಿ ಅಂತ ನನ್ನ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಒಯ್ಯುವುದು ಅದನ್ನೇ. ಹಾಗೆಯೇ ವಿಟಮಿನ್ ಬಿ6ಗೆ ಮಾತ್ರ ಬಗ್ಗುವ ಫಿಟ್ಸ್ ಕೂಡ ಇದೆ. 1950ರ ದಶಕದಿಂದ ವೈದ್ಯರಿಗೆ ಗೊತ್ತಿರುವ ವಿಷಯ. ಇವೆಲ್ಲ ಅಪರೂಪದ ಕಾಯಿಲೆಗಳು, ನಿಜ. ಆದರೆ ತಂದೆತಾಯಿ ಇಬ್ಬರಿಂದಲೂ ಅದೇ ದೋಷ ಮಗುವಿಗೆ ಬಂದರೆ ಮಾತ್ರ ಹುಟ್ಟುವ ಇಂಥ ಕಾಯಿಲೆಗಳ ಸಾಧ್ಯತೆ ರಕ್ತಸಂಬಂಧದ ಮದುವೆಗಳಲ್ಲಿ ಹೆಚ್ಚು. ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ನಮ್ಮ ಕಡೆ ತಲೆತಲಾಂತರದ ರೂಢಿ. ಬೇರೆ ಕಡೆ ಅಪರೂಪವಾದದ್ದು ನಮ್ಮಲ್ಲಿ ಎಷ್ಟು ಅಪರೂಪ ಅಂತ ಇಲ್ಲೇ ಎಣಿಸಿ ನೋಡಬೇಕಲ್ವಾ? ಇದನ್ನು ಬರೆಯುವಾಗ ನನಗೆ ಒಂದು ಅಳುಕಿದೆ. ಮಗುವಿಗೆ ಏನೇ ಆದರೂ ನಮ್ಮಲ್ಲಿ ಮೊದಲು ಬೈಸಿಕೊಳ್ಳುವವಳು ತಾಯಿ. ಇಂಥ ಜೀನ್ ದೋಷ ಇಬ್ಬರಿಂದಲೂ ಬರುವಂಥದ್ದು ಅಂತ ಡಾಕ್ಟರ್ ಬಾಯಿಂದ ಗಂಡನ ಮನೆಯವರು ಕೇಳಿದರೆ ಎಷ್ಟೋ ಹೆಣ್ಣುಮಕ್ಕಳ ಕಣ್ಣೀರು ಒಣಗುತ್ತದೆ.

ಜೀನ್ ಮಾತು ಬಿಡಿ, ತಡೆಯಬಹುದಾದ ಕಾರಣಗಳೇ ಬೇಕಾದಷ್ಟಿವೆ. ಹುಟ್ಟಿದ ಮಗುವಿನ ರಕ್ತದ ಸಕ್ಕರೆ ತೀರಾ ಇಳಿದರೆ ಮೆದುಳಿನ ಹಿಂಭಾಗಕ್ಕೆ ಪೆಟ್ಟಾಗುತ್ತದೆ. ಮುಂದೆ ದೃಷ್ಟಿಯ ತೊಂದರೆ, ಫಿಟ್ಸ್ ಎರಡೂ ಬರಬಹುದು. ನಮ್ಮ ದೇಶದಲ್ಲಿ ವೆಸ್ಟ್ ಸಿಂಡ್ರೋಮ್‌ಗೆ ಇದು ಒಂದು ದೊಡ್ಡ ಕಾರಣ ಅಂತ ಮಕ್ಕಳ ನರವೈದ್ಯರು ಬರೆಯುತ್ತಲೇ ಬಂದಿದ್ದಾರೆ. ಮೊದಲ ಒಂದು ಗಂಟೆಯಲ್ಲಿ ಎದೆಹಾಲು ಕುಡಿಸಿ ಅಂತ ಗೋಡೆಗೋಡೆಯ ಮೇಲೆ ಬರೆದಿದ್ದೇವೆ. ಆದರೂ ಮೊದಲ ಹಾಲು ಹಿಂಡಿ ಚೆಲ್ಲಿ, ಜೇನುತುಪ್ಪ ನೆಕ್ಕಿಸುವ ಮನೆಗಳು ಇನ್ನೂ ಇವೆ. ಹಂದಿಯ ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋಗಿ ಮೆದುಳಿನಲ್ಲಿ ಗಂಟಾಗಿ ಫಿಟ್ಸ್ ಬರುವುದು ಇನ್ನೊಂದು. "ನಾವು ಲಿಂಗಾಯತರು, ಮಾಂಸ ಮುಟ್ಟುವವರಲ್ಲ, ನಮಗೆಲ್ಲಿಂದ ಬಂತು" ಅಂತ ಸಿಟ್ಟಾದವರನ್ನು ಕಂಡಿದ್ದೇನೆ. ಮೊಟ್ಟೆ ಬರುವುದು ಮಾಂಸದಿಂದ ಅಲ್ಲ. ಹುಳು ಇರುವ ಮನುಷ್ಯನ ಮಲ ಸೇರಿದ ನೀರು, ಸರಿಯಾಗಿ ತೊಳೆಯದ ಹಸಿ ತರಕಾರಿ, ಕೊಳೆ ಕೈ, ಇವುಗಳಿಂದ. ಬಯಲಿಗೆ ಹೋಗುವವರೂ ಬೀದಿ ಹಂದಿಗಳೂ ಒಟ್ಟಿಗೆ ಇರುವ ಊರಲ್ಲಿ ಅದು ಜಾತಿ ಕೇಳಿ ಬರುವುದಿಲ್ಲ. ಯಾವ ತಾಲ್ಲೂಕಿನಲ್ಲಿ ಯಾವ ಕಾರಣ ಜಾಸ್ತಿ ಅಂತ ತಿಳಿದರೆ ಎಲ್ಲಿ ಹೆರಿಗೆ ಕೋಣೆಗೆ ದುಡ್ಡು ಹಾಕಬೇಕು, ಎಲ್ಲಿ ಶೌಚಾಲಯಕ್ಕೆ ಹಾಕಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಕರ್ನಾಟಕಕ್ಕೆ ಈ ಕೆಲಸ ಹೊಸದಲ್ಲ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ನರವೈದ್ಯ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಹಳ್ಳಿಯ ಮೂರ್ಛೆ ರೋಗಿಗಳನ್ನು ಹುಡುಕಿ, ಫಿನೋಬಾರ್ಬಿಟೋನ್ ಅಥವಾ ಫಿನಿಟಾಯ್ನ್ ಎಂಬ ಅಗ್ಗದ ಗುಳಿಗೆ ಕೊಟ್ಟು, ವರ್ಷಗಟ್ಟಲೆ ಬೆನ್ನು ಬಿಡದೆ ನೋಡಿದರು. ಹಳ್ಳಿಯಲ್ಲೂ ಫಿಟ್ಸ್ ಹತೋಟಿಗೆ ತರಬಹುದು ಅಂತ ತೋರಿಸಿದರು. 2001ರಲ್ಲಿ ಅದು 'ಲ್ಯಾನ್ಸೆಟ್'ನಲ್ಲೇ ಅಚ್ಚಾಯಿತು. ತಲೆಗೆ ಬಿಸಿನೀರು ಹೊಯ್ದುಕೊಂಡರೆ ಬರುವ ಫಿಟ್ಸ್ ಹಳೇ ಮೈಸೂರು ಕಡೆ ಹೆಚ್ಚು ಅನ್ನುವುದನ್ನು ಜಗತ್ತಿಗೆ ತಿಳಿಸಿದವರೂ ನಮ್ಮ ರಾಜ್ಯದ ವೈದ್ಯರೇ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ನಿಮ್ಹಾನ್ಸ್ ವೈದ್ಯರು ಮನೆಮನೆಗೆ ಹೋಗಿ ನೋಡಿದಾಗ ಸಾವಿರಕ್ಕೆ 8.8 ಜನರಿಗೆ ಮೂರ್ಛೆ ರೋಗ ಇತ್ತು. ನಗರದಲ್ಲಿ 5.7, ಹಳ್ಳಿಯಲ್ಲಿ 11.9. ಹಳ್ಳಿಯಲ್ಲಿ ಎರಡು ಪಟ್ಟು.

2011ರ ಜನಗಣತಿಯಲ್ಲಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಸೇರಿ ಜನಸಂಖ್ಯೆ 88 ಲಕ್ಷ ದಾಟಿತ್ತು. ಬೆಂಗಳೂರಿನ ಆ ದರವನ್ನೇ ನಮಗೂ ಹಚ್ಚಿದರೆ ಎಲ್ಲ ವಯಸ್ಸಿನವರೂ ಸೇರಿ ಎಪ್ಪತ್ತೈದು ಸಾವಿರಕ್ಕಿಂತ ಹೆಚ್ಚಾಗುತ್ತದೆ. ಆದರೆ ಬೇರೆಯವರ ದರ ತಂದು ಗುಣಿಸಿ ನಮ್ಮ ಮಕ್ಕಳನ್ನು ಎಣಿಸುವುದು ಎಷ್ಟು ದಿನ?

2018ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಪ್ರಕಟವಾಯಿತು. 2ರಿಂದ 9 ವರ್ಷದ ಮಕ್ಕಳಲ್ಲಿ ಮೂರ್ಛೆ ರೋಗ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿ ಬೆಳವಣಿಗೆಯ ತೊಂದರೆ ಹೀಗೆ ಒಂಬತ್ತು ಬಗೆಯ ತೊಂದರೆಗಳನ್ನು ಹುಡುಕಿದರು. ಹೆಚ್ಚುಕಡಿಮೆ ಎಂಟು ಮಕ್ಕಳಲ್ಲಿ ಒಂದಕ್ಕೆ ಅವುಗಳಲ್ಲಿ ಯಾವುದಾದರೂ ಒಂದು ಇತ್ತು. ಅದಕ್ಕೆ ನಮ್ಮ ದೇಶದಲ್ಲಿ ಆರಿಸಿಕೊಂಡ ಐದು ಜಾಗ ಕಾಂಗ್ರಾ, ಪಲ್ವಲ್, ಢೆಂಕನಾಲ್, ಹೈದರಾಬಾದ್ ಮತ್ತು ಉತ್ತರ ಗೋವಾ. ಉತ್ತರ ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಬಂದರೆ ನಾವೇ ಸಿಗುತ್ತಿದ್ದೆವು. ಇರಲಿ, ಅವರ ಮೇಲೆ ನನ್ನ ತಕರಾರಿಲ್ಲ. ನಮ್ಮ ಮನೆ ನಾವೇ ಎಣಿಸಿಕೊಳ್ಳಬೇಕು.

ಎಣಿಸುವುದು ಸುಲಭ ಅಲ್ಲ ಅನ್ನುವುದಕ್ಕೆ ಕಾರಣವೂ ಇದೆ. ಅಥಣಿ, ರಾಯಬಾಗದ ಕಡೆಯವರು ಮಗುವನ್ನು ಎತ್ತಿಕೊಂಡು ಮಿರಜಕ್ಕೋ ಸಾಂಗಲಿಗೋ ಹೋಗುತ್ತಾರೆ. ಇಂಡಿ, ಚಡಚಣದವರು ಸೊಲ್ಲಾಪುರಕ್ಕೆ. ಸವದತ್ತಿ, ಬೈಲಹೊಂಗಲದವರು ಧಾರವಾಡ, ಹುಬ್ಬಳ್ಳಿಗೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದವರು ಐನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ. ಒಂದೇ ಮಗುವಿನ ಫೈಲು ಮೂರು ಊರಲ್ಲಿ, ಎರಡು ರಾಜ್ಯದಲ್ಲಿ ಹಂಚಿಹೋಗಿರುತ್ತದೆ. ಕಬ್ಬಿನ ಹಂಗಾಮು ಶುರುವಾದರೆ ಕಡಿಯುವ ಗ್ಯಾಂಗಿನ ಜೊತೆ ಮಕ್ಕಳೂ ಊರು ಬಿಡುತ್ತಾರೆ. ಇಲ್ಲಿ ಒಯ್ದ ಬಾಟ್ಲಿ ಅಲ್ಲಿ ಮುಗಿಯುತ್ತದೆ. ಔಷಧ ತಟ್ಟನೆ ನಿಂತರೆ ಫಿಟ್ಸ್ ಜೋರಾಗಿ ಮರಳುತ್ತದೆ. ಹಂಗಾಮು ಮುಗಿದು ಬಂದವರು "ಆ ಔಷಧ ಹತ್ತಲಿಲ್ರಿ" ಅನ್ನುತ್ತಾರೆ. ಹತ್ತಿಲ್ಲ ಅಂತಲ್ಲ, ನಡುವೆ ಸಿಕ್ಕಿಲ್ಲ. ಯಾರಾದರೂ ನಾಳೆ ಇಲ್ಲಿ ಸಂಶೋಧನೆ ಮಾಡಿ "ಈ ಔಷಧ ಇಷ್ಟು ಮಕ್ಕಳಿಗೆ ಕೆಲಸ ಮಾಡಲಿಲ್ಲ" ಅಂತ ಬರೆದರೆ, ಹಂಗಾಮಿನ ಆ ತಿಂಗಳುಗಳನ್ನೂ ಕೇಳಿ ಬರೆಯಲಿ.

ಸಂಶೋಧನೆ ಬೇಕು ಅನ್ನುವಾಗ ಅದು ಹೇಗಿರಬೇಕು ಅನ್ನುವುದನ್ನೂ ಹೇಳಬೇಕು. ಇದು ನನ್ನ ಎರಡನೇ ದೂರು. ನಮ್ಮ ಊರಿನ ಒಬ್ಬ ತಾಯಿ ಒಂದು ಕಟ್ಟು ಕಾಗದ ತಂದು ನನ್ನ ಮುಂದಿಟ್ಟಳು. ಒಂದು ದೊಡ್ಡ ಆಸ್ಪತ್ರೆಯಲ್ಲಿ ಮಗುವಿನ ರಕ್ತ ತೆಗೆದುಕೊಂಡು ಸಹಿ ಹಾಕಿಸಿಕೊಂಡಿದ್ದರು. ಎಲ್ಲ ಇಂಗ್ಲಿಷ್. ಅಧ್ಯಯನಕ್ಕೆ ಒಪ್ಪಿಗೆ ಅಂತ ಅದರಲ್ಲಿ ಇತ್ತು. ಅವಳಿಗೆ ಅದು ಬರೀ ಟೆಸ್ಟಿನ ಚೀಟಿ. ಫಲಿತಾಂಶ ಏನಾಯಿತು ಅಂತ ಯಾರೂ ಹೇಳಲಿಲ್ಲ. ಹೋಗಿ ಕೇಳಿದರೆ ಆ ಡಾಕ್ಟರ್ ವರ್ಗವಾಗಿ ಹೋಗಿದ್ದಾರೆ ಅಂದರಂತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳು ಬಹಳ ಸ್ಪಷ್ಟವಾಗಿವೆ. ಪಾಲಕರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಏಳು ದಾಟಿದ ಮಗುವನ್ನೂ ಬಾಯಿಮಾತಿನಲ್ಲಿ ಕೇಳಬೇಕು, ಹನ್ನೆರಡು ದಾಟಿದರೆ ಬರೆಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಆಗುವ ತಪ್ಪಲ್ಲ, ಗಡಿಬಿಡಿಯಲ್ಲಿ ಆಗುವ ತಪ್ಪು. ಬಡವರ ವಿಷಯದಲ್ಲಿ ಗಡಿಬಿಡಿ ಯಾಕೋ ಜಾಸ್ತಿ. ಕನ್ನಡದಲ್ಲಿ, ಬೇಕಾದಲ್ಲಿ ಮರಾಠಿ ಮತ್ತು ಉರ್ದುವಿನಲ್ಲಿ ಒಪ್ಪಿಗೆ ಪತ್ರ ಇರಲಿ. ಫಲಿತಾಂಶ ಬಂದ ಮೇಲೆ ಒಂದು ಪುಟದ ಕನ್ನಡ ಸಾರಾಂಶ ಮನೆಗೆ ಹೋಗಲಿ. ರಕ್ತ ಕೊಟ್ಟವರಿಗೆ ಉತ್ತರ ಕೊಡದವರು ಎರಡನೇ ಸಲ ರಕ್ತ ಕೇಳಿದರೆ ಊರವರು ಬಾಗಿಲು ಹಾಕುತ್ತಾರೆ. ಆಮೇಲೆ ಜನರಿಗೆ ತಿಳಿವಳಿಕೆ ಇಲ್ಲ ಅಂತ ವರದಿ ಬರೆಯಬೇಡಿ.

ಇವಕ್ಕೆಲ್ಲ ಹೊಸ ಯೋಜನೆಯೇ ಬೇಕು ಅಂತ ನಾನು ಹಟ ಹಿಡಿಯುವುದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. ಅವರು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಫಿಟ್ಸ್ ಇದೆ. ನಿಮ್ಹಾನ್ಸ್ ಜೊತೆ ಸೇರಿ ನಿಮ್ಮ ಇಲಾಖೆಯೇ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದೆ. ಅದೇ ವರ್ಷ ವಿಶ್ವ ಆರೋಗ್ಯ ಸಭೆ ಮೂರ್ಛೆ ರೋಗ ಮತ್ತು ನರರೋಗಗಳಿಗೆ 2031ರವರೆಗಿನ ಕ್ರಿಯಾ ಯೋಜನೆಯನ್ನು ಒಪ್ಪಿತು. ಸರಿಯಾಗಿ ಗುರುತಿಸಿ ಚಿಕಿತ್ಸೆ ಕೊಟ್ಟರೆ ಮೂರ್ಛೆ ರೋಗಿಗಳಲ್ಲಿ ಶೇ. 70ರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಡಿಬಿಡಿಯಾಗಿ ಎಲ್ಲವೂ ಇದೆ. ಮಗು ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಜೊತೆಗೆ ಹೋಗುವ ಪುಸ್ತಕ ಇಲ್ಲ.

ಹಾಗಾಗಿ ಕೇಳುವುದು ಇದನ್ನು. ಮೂರೂ ಜಿಲ್ಲೆಗೆ ಸೇರಿ ಒಂದು ಮಕ್ಕಳ ಮೂರ್ಛೆ ನೋಂದಣಿ ಪುಸ್ತಕ ಶುರು ಮಾಡಿ. ಹೆರಿಗೆಯ ವಿವರ ಇರುವ ತಾಯಿ ಕಾರ್ಡಿನ ನಂಬರಿಗೆ ಅದನ್ನು ಜೋಡಿಸಿ. ಆಗ ಹೆರಿಗೆ ಹೊತ್ತಿನಲ್ಲಿ ಏನಾಗಿತ್ತು, ಮುಂದೆ ಏನಾಯಿತು ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ. ಮಗು ಮಿರಜಕ್ಕೆ ಹೋದರೂ ಸೊಲ್ಲಾಪುರಕ್ಕೆ ಹೋದರೂ ಆ ನಂಬರು ಜೊತೆಗಿರಲಿ. ಮಹಾರಾಷ್ಟ್ರದ ಜೊತೆ ಮಾತಾಡಲು ನಮಗೆ ಗಡಿ ಒಂದೇ ವಿಷಯ ಆಗಬೇಕಿಲ್ಲ. ಪುಸ್ತಕವನ್ನು ಕನಿಷ್ಠ ಐದು ವರ್ಷ ಮುಚ್ಚಬೇಡಿ. ಮಕ್ಕಳ ಹೆಸರು ಗುಟ್ಟಾಗಿರಲಿ. ಮದುವೆ ಮಾತಿನ ಹೊತ್ತಿಗೆ ಇಂಥ ಸುದ್ದಿ ಹೇಗೆ ಓಡಾಡುತ್ತದೆ ಅಂತ ನಿಮಗೂ ಗೊತ್ತು. ಕಾಲೇಜುಗಳಿಗೆ ಒಂದು ಮಾತು: ನಿಮ್ಮ ಪಿಜಿ ವಿದ್ಯಾರ್ಥಿಗಳು ಪ್ರತಿ ವರ್ಷ ಪ್ರಬಂಧ ಬರೆಯಲೇಬೇಕಲ್ವಾ? ವಾರ್ಡಿಗೆ ಬಂದ ಐವತ್ತು ಮಕ್ಕಳನ್ನು ನೋಡಿ ಬರೆಯುವ ಬದಲು ನಾಲ್ಕು ಕಾಲೇಜಿನವರು ಸೇರಿ ಒಂದೇ ಪ್ರಶ್ನೆಗೆ ಉತ್ತರ ಹುಡುಕಲಿ. ವಾರ್ಡಿನ ತನಕ ಬಾರದ ಮಗುವೇ ಇಲ್ಲಿ ಮುಖ್ಯ.

ಮೂರೂ ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಇಇಜಿ ವಾರಕ್ಕೊಂದು ದಿನವಾದರೂ ಆಗಲಿ. ಓದುವವರು ಇಲ್ಲದಿದ್ದರೆ ಗೆರೆಗಳನ್ನು ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೋ ಬೆಂಗಳೂರಿಗೋ ಕಂಪ್ಯೂಟರಿನಲ್ಲಿ ಕಳಿಸಿ ಓದಿಸಿ. ಗೆರೆ ಪ್ರಯಾಣ ಮಾಡಲಿ, ಮಗು ಬೇಡ. ಸಿರಪ್ ಮತ್ತು ಗುಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಲಿ, ಹಂಗಾಮಿಗೆ ಹೋಗುವವರಿಗೆ ಒಮ್ಮೆಗೇ ಮೂರು ತಿಂಗಳಿನದು ಕೊಡಿ. ಫಿಟ್ಸ್ ಐದು ನಿಮಿಷ ದಾಟಿದರೆ ಔಷಧ ಕೊಟ್ಟು ನಿಲ್ಲಿಸಲೇಬೇಕು ಅನ್ನುವುದು ಈಗ ಎಲ್ಲರೂ ಒಪ್ಪಿದ ನಿಯಮ. ಮೂಗಿನ ಸ್ಪ್ರೇ ಪ್ರತಿ ಆರೋಗ್ಯ ಕೇಂದ್ರದಲ್ಲೂ 108 ಗಾಡಿಯಲ್ಲೂ ಇರಲಿ. ನಮ್ಮ ಕೆಲವು ಹಳ್ಳಿಗಳಿಂದ ತಾಲ್ಲೂಕು ಆಸ್ಪತ್ರೆಗೆ ಐದು ನಿಮಿಷದಲ್ಲಿ ಹೋಗುವ ದಾರಿಯೇ ಇಲ್ಲ.

ಈ ಭಾಗದ ಶಾಸಕರಲ್ಲಿ ಯಾರಾದರೂ ಈ ಪತ್ರ ಓದಿದರೆ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಿ. ಮೂರು ಜಿಲ್ಲೆಗಳಲ್ಲಿ ಮೂರ್ಛೆ ರೋಗ ಇರುವ ಮಕ್ಕಳೆಷ್ಟು, ಫಿಟ್ಸ್ ಶುರುವಾಗಿ ಎಷ್ಟು ದಿನಕ್ಕೆ ಅವರಿಗೆ ಮೊದಲ ಇಇಜಿ ಆಯಿತು. ಈ ಎರಡಕ್ಕೆ ಸದನದಲ್ಲೇ ಉತ್ತರ ಪಡೆಯಿರಿ.

ನನ್ನ ಪಾಲಿನ ಕೆಲಸ ನಾನು ಮಾಡಲು ತಯಾರಿದ್ದೇನೆ. ತಾಲ್ಲೂಕಿನ ಹಲವು ಔಷಧ ಅಂಗಡಿಯವರ ಜೊತೆ ಮಾತಾಡಿದ್ದೇನೆ. ಫಿಟ್ಸ್ ಔಷಧದ ಚೀಟಿ ತಂದ ಮಗುವಿನ ಪಾಲಕರಿಗೆ ನೋಂದಣಿಯ ಬಗ್ಗೆ ಹೇಳಿ, ಅವರು ಒಪ್ಪಿದರೆ ಮಾತ್ರ ಹೆಸರು ಬರೆದು ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಲು ಆ ಅಂಗಡಿಯವರೂ ಒಪ್ಪಿದ್ದಾರೆ. ನಮಗೆ ನೀವು ಹೇಳಿಕೊಡಬೇಕಾದ್ದೇನೂ ಇಲ್ಲ, ರಿಜಿಸ್ಟರ್ ಬರೆದು ನಮಗೆ ರೂಢಿ ಇದೆ. ಒಂದು ಸುತ್ತೋಲೆ ಮತ್ತು ಒಂದು ನಮೂನೆ ಕಳಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಔಷಧ ವ್ಯಾಪಾರಿ
ಗೋಕಾಕ ತಾಲ್ಲೂಕು, ಬೆಳಗಾವಿ ಜಿಲ್ಲೆ